ದೇವರ ಭಯವನ್ನು ಕಲಿಯುವುದು ಹೇಗೆ: ಕೀರ್ತನೆ 34 ಹಿಡಿದು ಹೊರಡುವವರಿಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಯಾವ ಸಭೆಗೆ ಹೋದರೂ ಭಾನುವಾರ ಸಾಕ್ಷಿ ಹೇಳುವ ಹೊತ್ತಿಗೆ ಒಂದು ಮಾತು ಕಿವಿಗೆ ಬೀಳುತ್ತದೆ: "ದೇವರಿಗೆ ಭಯಪಟ್ಟು ನಡೆದ್ವಿ, ದೇವರು ಆಶೀರ್ವಾದ ಮಾಡಿದ." ಬೋರಿಗೆ ನೀರು ಬಿತ್ತು, ಮಗಳ ಮದುವೆ ಆಯಿತು, ಮಗನಿಗೆ ತೋರಣಗಲ್ಲಿನಲ್ಲಿ ಕೆಲಸ ಸಿಕ್ಕಿತು. ಎಲ್ಲವೂ ನಿಜವಾದ ಸಂತೋಷವೇ, ಸ್ತೋತ್ರ ಹೇಳಬೇಕಾದ ವಿಷಯವೇ. ಆದರೆ ಅದೇ ಸಭೆಯ ಹಿಂದಿನ ಸಾಲಿನಲ್ಲಿ ಇನ್ನೊಬ್ಬರು ಕೂತಿರುತ್ತಾರೆ. ಅವರೂ ದೇವರಿಗೆ ಭಯಪಟ್ಟೇ ನಡೆದವರು. ಅವರ ಬೋರು ಬತ್ತಿದೆ, ಮಗ ಗುಳೆ ಹೋಗಿದ್ದಾನೆ. ಸಾಕ್ಷಿ ಕೇಳುತ್ತಾ ಅವರು ತಲೆ ತಗ್ಗಿಸುತ್ತಾರೆ.

ಈ ಬರಹ ಇಬ್ಬರಿಗೂ. ದೇವರ ಭಯಕ್ಕೆ ಆಶೀರ್ವಾದ ಇದೆ ಅಂತ ಸತ್ಯವೇದ (ಬೈಬಲ್) ಮತ್ತೆ ಮತ್ತೆ ಹೇಳುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಆಶೀರ್ವಾದವನ್ನು ನಾವು ಬೋರಿನಲ್ಲಿ, ಬ್ಯಾಂಕಿನಲ್ಲಿ ಮೊದಲು ಹುಡುಕುತ್ತೇವೆ. ಅದು ಮೊದಲು ಕಾಣುವುದು ಬೇರೆ ಕಡೆ. ನಮ್ಮನ್ನು ಹಗಲೂ ರಾತ್ರಿ ಹಿಡಿದಿದ್ದ ಬೇರೆ ಭಯಗಳು ಸಡಿಲವಾಗುತ್ತವೆ. ನಮ್ಮ ಕೈಕೆಳಗೆ ದುಡಿಯುವವರು ನಮ್ಮ ಹತ್ತಿರ ನೆಮ್ಮದಿಯಿಂದ ಇರುತ್ತಾರೆ. ಮನೆ, ಮಕ್ಕಳು, ದುಡಿಮೆ ಎಲ್ಲ ಅದರ ಹಿಂದೆ ಬರುತ್ತವೆ.

ಇದನ್ನು ಕಲಿಯಬಹುದು ಅನ್ನುವುದೇ ದೊಡ್ಡ ಸಮಾಧಾನ. ಸತ್ಯವೇದದ ಕೀರ್ತನೆ 34ರ 11ನೇ ವಚನದಲ್ಲಿ ದಾವೀದ, ಮಕ್ಕಳೇ ಬನ್ನಿ, ಕೇಳಿ, ಯೆಹೋವನ ಭಯವನ್ನು ನಿಮಗೆ ಕಲಿಸುತ್ತೇನೆ ಅಂತ ಕರೆಯುತ್ತಾನೆ. ಹುಟ್ಟಿನಿಂದ ಬರುವ ಗುಣ ಆಗಿದ್ದರೆ ಕಲಿಸುವ ಮಾತೇ ಬರುತ್ತಿರಲಿಲ್ಲ.

ಆ ಕೀರ್ತನೆಯ ತಲೆಬರಹ ಓದದೆ ಮುಂದೆ ಹೋಗಬೇಡಿ. ಇಸ್ರಾಯೇಲಿನ ಅರಸ ಸೌಲನಿಂದ ತಪ್ಪಿಸಿಕೊಂಡು ಓಡುತ್ತಿದ್ದ ದಾವೀದ ಗತ್ ಊರಿನ ಅರಸನ ಹತ್ತಿರ ಹೋಗಿದ್ದ. ಗತ್ ಅಂದರೆ ದಾವೀದ ಕೊಂದಿದ್ದ ದೈತ್ಯ ಗೊಲ್ಯಾತನ ಊರು. ಅಲ್ಲಿಯವರು ಇವನ ಗುರುತು ಹಿಡಿದರು. ದಾವೀದನಿಗೆ ವಿಪರೀತ ಹೆದರಿಕೆ ಆಯಿತು. ಹುಚ್ಚನ ಹಾಗೆ ನಟಿಸಿದ, ಬಾಗಿಲ ಮೇಲೆ ಗೀಚಿದ, ಗಡ್ಡದ ಮೇಲೆ ಜೊಲ್ಲು ಸುರಿಸಿಕೊಂಡ. ಇದೆಲ್ಲ 1 ಸಮುವೇಲ 21ರಲ್ಲಿ ಇದೆ. ಒಬ್ಬ ಮನುಷ್ಯನಿಗೆ ಇಷ್ಟು ಹೆದರಿದವನೇ ದೇವರ ಭಯ ಕಲಿಸುತ್ತೇನೆ ಬನ್ನಿ ಅನ್ನುತ್ತಿದ್ದಾನೆ. ಅಲ್ಲಿಂದ ಅವನು ಅದುಲ್ಲಾಮ್ ಗವಿಗೆ ಹೋದ. ಅವನ ಜೊತೆ ಬಂದು ಸೇರಿದವರು ಯಾರು? ಕಷ್ಟದಲ್ಲಿದ್ದವರು, ಸಾಲ ಮಾಡಿಕೊಂಡವರು, ಮನಸ್ಸು ಕಹಿಯಾದವರು, ಸುಮಾರು 400 ಜನ. ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳ ಹೆಸರನ್ನು ಆ ಪಟ್ಟಿಯಲ್ಲಿ ಸೇರಿಸಬಹುದು, ಅಲ್ವಾ? ಹಾಗಾಗಿ ಈ ಕೀರ್ತನೆ ನಮಗೆ ದೂರದ್ದಲ್ಲ.

ಮೊದಲು, ಯಾವ ಭಯ ಅಂತ ಬಿಡಿಸಿಕೊಳ್ಳಿ

ಬಹಳ ಜನ ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಭಾನುವಾರ ಆರಾಧನೆ ತಪ್ಪಿಸಿದೆ, ಸೋಮವಾರ ಗಾಡಿ ಪಂಕ್ಚರ್ ಆಯಿತು. ದಶಮಾಂಶ (ದುಡಿಮೆಯ ಹತ್ತರಲ್ಲಿ ಒಂದು ಪಾಲು) ಕೊಡಲಿಲ್ಲ, ಮಗುವಿಗೆ ಜ್ವರ ಬಂತು. ಹೀಗೆ ಲೆಕ್ಕ ಹಾಕುತ್ತಾ ಬದುಕುವುದು ದೇವರ ಭಯ ಅಂದುಕೊಂಡಿದ್ದೇವೆ. ಕೆಲವು ಕಡೆ ವೇದಿಕೆಯ ಮೇಲಿಂದಲೇ ಈ ಲೆಕ್ಕ ಕಲಿಸುತ್ತಾರೆ. ನನ್ನ ಮಾತು ಕಠಿಣ ಅನಿಸಿದರೂ ಹೇಳುತ್ತೇನೆ: ಹೆದರಿಸಿ ಕಾಣಿಕೆ ಎತ್ತುವವರು ದೇವರ ಭಯವನ್ನು ಕಲಿಸುತ್ತಿಲ್ಲ. ತಮ್ಮ ಭಯವನ್ನು ಕಲಿಸುತ್ತಿದ್ದಾರೆ.

ಸೀನಾಯಿ ಬೆಟ್ಟದ ಬುಡದಲ್ಲಿ ಜನ ಗುಡುಗು, ಹೊಗೆ ನೋಡಿ ನಡುಗಿದರು. ಆಗ ಮೋಶೆ ಹೇಳಿದ ಮಾತು ವಿಮೋಚನಕಾಂಡ 20:20ರಲ್ಲಿದೆ. ಹೆದರಬೇಡಿ ಅಂದ. ಅದೇ ಉಸಿರಿನಲ್ಲಿ, ದೇವರ ಭಯ ನಿಮ್ಮ ಕಣ್ಣ ಮುಂದೆ ಇರಲಿ, ಪಾಪ ಮಾಡದಿರಿ ಅಂತಲೇ ಆತ ಬಂದಿದ್ದಾನೆ ಅಂದ. ಒಂದು ಹೆದರಿಕೆಯನ್ನು ಬಿಡಿಸಿ ಇನ್ನೊಂದು ಭಯವನ್ನು ಕೈಗೆ ಕೊಟ್ಟ. ಬಿಡಬೇಕಾದದ್ದು ದೇವರಿಂದ ದೂರ ಓಡಿಸುತ್ತದೆ. ಹಿಡಿಯಬೇಕಾದದ್ದು ಪಾಪದಿಂದ ದೂರ ಇಡುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನ ನಮ್ಮ ರೈತರು ಹೇಗಿರುತ್ತಾರೆ ನೋಡಿ. ಆ ನೀರಿಗಾಗಿ ತಿಂಗಳುಗಟ್ಟಲೆ ಕಾದಿರುತ್ತಾರೆ, ಕಂಡರೆ ಕೈ ಮುಗಿಯುತ್ತಾರೆ. ಆದರೆ ತುಂಬಿ ಹರಿಯುವಾಗ ಅದರ ಜೊತೆ ಯಾರೂ ಹುಡುಗಾಟ ಆಡುವುದಿಲ್ಲ. ಪ್ರೀತಿಯೂ ಇದೆ, ಎಚ್ಚರವೂ ಇದೆ. ದೇವರ ಮುಂದೆ ನಿಲ್ಲುವುದೂ ಹೀಗೇ.

ಇನ್ನೂ ಒಂದು ವಚನ ಹಿಡಿದಿಟ್ಟುಕೊಳ್ಳಿ. ಕೀರ್ತನೆ 130:4 ನಾವು ಅಂದುಕೊಂಡದ್ದನ್ನೇ ತಿರುಗಿಸಿ ಹೇಳುತ್ತದೆ. ದೇವರ ಹತ್ತಿರ ಕ್ಷಮೆ ಇದೆ, ಆದ್ದರಿಂದಲೇ ಜನ ಆತನಿಗೆ ಭಯಪಡುತ್ತಾರೆ ಅನ್ನುತ್ತದೆ. ಶಿಕ್ಷೆ ಇದೆ ಅಂತಲ್ಲ, ಕ್ಷಮೆ ಇದೆ ಅಂತ! ಶಿಲುಬೆಯ ಹತ್ತಿರ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಯೇಸುವಿನ ಪಕ್ಕದ ಶಿಲುಬೆಗಳಲ್ಲಿ ಇದ್ದ ಇಬ್ಬರು ಅಪರಾಧಿಗಳಲ್ಲಿ ಒಬ್ಬ ಹೀಯಾಳಿಸಿದಾಗ ಇನ್ನೊಬ್ಬ ಗದರಿದ್ದು ಇದೇ ಮಾತಿನಿಂದ: ನಿನಗೆ ದೇವರ ಭಯವೂ ಇಲ್ಲವೇ? ಅವನ ಕೈಯಲ್ಲಿ ದಶಮಾಂಶ ಇರಲಿಲ್ಲ, ಒಳ್ಳೆಯದು ಮಾಡಿ ತೋರಿಸಲು ಒಂದು ದಿನವೂ ಉಳಿದಿರಲಿಲ್ಲ. ಆದರೂ ಅವತ್ತೇ ಪರದೈಸಿನ ಮಾತು ಸಿಕ್ಕಿದ್ದು ಅವನಿಗೆ. ಹಾಗಾದರೆ ಮುಂದೆ ಹೇಳುವ ಹೆಜ್ಜೆಗಳು ಕ್ಷಮೆಯನ್ನು ಸಂಪಾದಿಸಿಕೊಳ್ಳುವ ದಾರಿ ಅಂತ ಯಾರೂ ತಿಳಿಯಬಾರದು. ಕ್ಷಮೆ ಸಿಕ್ಕವರು ನಡೆಯುವ ದಾರಿ ಇದು.

ನಿಮ್ಮ ಬೇರೆ ಭಯಗಳನ್ನು ಹಾಳೆಯಲ್ಲಿ ಬರೆಯಿರಿ

ಒಂದು ರಾತ್ರಿ ಊಟ ಆದ ಮೇಲೆ ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆ ತಗೊಂಡು ಕೂರಿ. ಯಾರಿಗೆ ಹೆದರುತ್ತೇನೆ, ಯಾವುದಕ್ಕೆ ಹೆದರುತ್ತೇನೆ ಅಂತ ಬರೆಯಿರಿ. ಸುಮ್ನೆ ಯೋಚಿಸಿದರೆ ಸಾಲದು, ಬರೆಯಲೇಬೇಕು. ಸಾವ್ಕಾರ. ಕಂತಿನ ದಿನ ಬಾಗಿಲಿಗೆ ಬರುವ ಫೈನಾನ್ಸಿನವರು. ಬೀಗರು. ಮೇಸ್ತ್ರಿ. ರಾತ್ರಿ ಹೊತ್ತು ಬರುವ ಫೋನು. ಯಾರೋ ಮಾಟ ಮಾಡಿಸಿದ್ದಾರೆ ಅನ್ನುವ ಅನುಮಾನ. ಎಲ್ಲಕ್ಕಿಂತ ಮೇಲೆ, ಜನ ಏನಂತಾರೋ ಅನ್ನುವುದು.

ಈಗ ಪ್ರತಿಯೊಂದರ ಪಕ್ಕ ಇನ್ನೊಂದು ಮಾತು ಬರೆಯಿರಿ: ಈ ಭಯ ನನ್ನಿಂದ ಏನು ಮಾಡಿಸುತ್ತಿದೆ? ಜನರಿಗೆ ಹೆದರಿ ತೀರಿಸಲಾಗದ ಸಾಲ ಮಾಡಿ ಮದುವೆ ಮಾಡಿದೆ. ಮೇಸ್ತ್ರಿಗೆ ಹೆದರಿ ಸುಳ್ಳು ಹಾಜರಿಗೆ ಸಹಿ ಹಾಕಿದೆ. ಬೀಗರಿಗೆ ಹೆದರಿ ಸೊಸೆಯ ಪರವಾಗಿ ಒಂದು ಮಾತಾಡಲಿಲ್ಲ. ಜ್ಞಾನೋಕ್ತಿ 29:25 ಮನುಷ್ಯರ ಭಯ ಉರುಲು ಅನ್ನುತ್ತದೆ. ಆ ಹಾಳೆಯನ್ನು ನೋಡಿದಾಗ ಉರುಲು ಎಲ್ಲಿ ಬಿದ್ದಿದೆ ಅಂತ ಗೊತ್ತಾಗುತ್ತದೆ.

ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಇಬ್ಬರು ಸೂಲಗಿತ್ತಿಯರಿದ್ದರು, ಶಿಫ್ರಾ ಮತ್ತು ಪೂಗಾ. ಇಬ್ರಿಯರಿಗೆ, ಅಂದರೆ ಇಸ್ರಾಯೇಲ್ಯರಿಗೆ, ಗಂಡುಮಗು ಹುಟ್ಟಿದರೆ ಕೊಂದುಬಿಡಿ ಅಂತ ಫರೋಹ ಆಜ್ಞೆ ಮಾಡಿದ. ಅವನು ಆ ಕಾಲದ ಎಷ್ಟು ದೊಡ್ಡ ದೊರೆ, ಇವರು ಹೆರಿಗೆ ಮಾಡಿಸಿ ಬದುಕುವ ಹೆಂಗಸರು. ಆದರೂ ಕೊಲ್ಲಲಿಲ್ಲ. ಕಾರಣ ಒಂದೇ, ಅವರು ದೇವರಿಗೆ ಭಯಪಟ್ಟರು. ಅವರನ್ನು ಕರೆಸಿ ಕೇಳಿದಾಗಲೂ ಎದೆಗುಂದಲಿಲ್ಲ. ದೇವರು ಅವರಿಗೂ ಮನೆತನ ಕೊಟ್ಟ ಅಂತ ವಿಮೋಚನಕಾಂಡ 1 ಹೇಳುತ್ತದೆ. ಆ ಅಧ್ಯಾಯದಲ್ಲಿ ದೊರೆಯ ಸ್ವಂತ ಹೆಸರು ಇಲ್ಲ, ಈ ಇಬ್ಬರ ಹೆಸರು ಇದೆ. ದೇವರ ಭಯ ಮನುಷ್ಯರನ್ನು ಪುಕ್ಕಲು ಮಾಡುತ್ತದೆ ಅನ್ನುವವರಿಗೆ ಈ ಅಧ್ಯಾಯ ತೋರಿಸಿ.

ಕೆಟ್ಟ ಸುದ್ದಿಯ ಭಯದ ಬಗ್ಗೆ ಬೇರೆಯಾಗಿ ಹೇಳಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಡ್ಯಾಮು ತುಂಬಿ ನಿಂತಿತ್ತು. ಅಚ್ಚುಕಟ್ಟಿನ ಊರುಗಳಲ್ಲಿ ನಾಟಿಯ ಚಿಂತೆ, ನದಿದಂಡೆಯ ಊರುಗಳಲ್ಲಿ ಪ್ರವಾಹದ ಚಿಂತೆ. ನೀರು ಹೊರಗೆ ಬಿಡಬೇಕಾಯಿತು. ಆಮೇಲೆ ಗೇಟಿನ ಜಾಗದಲ್ಲಿ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ತಡೆ ಇಳಿಸಿ ನೀರು ತಡೆದರು. ಕೀರ್ತನೆ 112:7 ಯೆಹೋವನಿಗೆ ಭಯಪಡುವವನು ಕೆಟ್ಟ ಸುದ್ದಿಗೆ ಹೆದರುವುದಿಲ್ಲ ಅನ್ನುತ್ತದೆ. ಅವನಿಗೆ ಕೆಟ್ಟ ಸುದ್ದಿ ಬರುವುದೇ ಇಲ್ಲ ಅಂತ ಅದು ಹೇಳುವುದಿಲ್ಲ, ಗಮನಿಸಿ. ಗೇಟು ಹೋದ ಸುದ್ದಿ ಎಲ್ಲರಿಗೂ ಬಂತು. ಸುದ್ದಿ ಬಂದ ಮೇಲೂ ಮನಸ್ಸು ಒಂದು ಕಡೆ ಕಟ್ಟಿಹಾಕಿದಂತೆ ನಿಲ್ಲುವುದು, ಮುಂದೇನು ಮಾಡಬೇಕು ಅಂತ ಯೋಚಿಸಲು ಆಗುವುದು, ಪಕ್ಕದ ಹೊಲದವನಿಗೆ ಧೈರ್ಯ ಹೇಳಲು ಆಗುವುದು, ಅದೇ ಆಶೀರ್ವಾದ.

ಆ ಹಾಳೆಯನ್ನು ಸತ್ಯವೇದದಲ್ಲಿ ಕೀರ್ತನೆ 34ರ ಹತ್ತಿರ ಮಡಚಿಡಿ. ದಿನಕ್ಕೆ ಒಂದು ಭಯದ ಹೆಸರು ಹೇಳಿ ಪ್ರಾರ್ಥನೆ ಮಾಡಿ. 4ನೇ ವಚನದಲ್ಲಿ ದಾವೀದ, ದೇವರು ತನ್ನನ್ನು ಎಲ್ಲ ಭಯಗಳಿಂದ ಬಿಡಿಸಿದ ಅಂತ ಹೇಳಿದ್ದು ಗತ್ ಊರಿನಿಂದ ಬಂದ ಮೇಲೆ.

ನಾಲಿಗೆಯಿಂದ ಶುರು ಮಾಡಿ

ಬನ್ನಿ ಕಲಿಸುತ್ತೇನೆ ಅಂದ ದಾವೀದನ ಮೊದಲ ಪಾಠ ಏನಿರಬಹುದು? ಉಪವಾಸವೇ? ಕಾಣಿಕೆಯೇ? 13ನೇ ವಚನ ನೋಡಿ: ಕೆಟ್ಟದ್ದನ್ನು ಆಡದಂತೆ ನಾಲಿಗೆ ಕಾಯಿ, ವಂಚನೆಯ ಮಾತು ತುಟಿಗೆ ಬಾರದಿರಲಿ. ಅಷ್ಟೇ.

ಇದು ಸುಲಭ ಅಂತ ಅನಿಸಿದರೆ ಒಂದು ವಾರ ನಿಮ್ಮ ಫೋನಿನ ಮಾತನ್ನು ನೀವೇ ಕೇಳಿಸಿಕೊಳ್ಳಿ. ಮನೆಯಲ್ಲೇ ಕೂತು "ದಾರಿಯಲ್ಲಿದ್ದೀನಿ, ಇನ್ನೇನು ಬಂದೆ" ಅನ್ನುತ್ತೇವೆ. ರೊಕ್ಕ ಕೈಯಲ್ಲಿದ್ದರೂ "ನಾಳೆ ಹಾಕ್ತೀನಿ ಅಣ್ಣ, ಇವತ್ತು ಸರ್ವರ್ ಇಲ್ಲ" ಅನ್ನುತ್ತೇವೆ. ಮಗು ಎದುರಿಗೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿರುತ್ತದೆ.

ಸಭೆಯೊಳಗಿನ ನಾಲಿಗೆಯೂ ಇದೆ. "ಆ ಅಕ್ಕನಿಗಾಗಿ ಪ್ರಾರ್ಥನೆ ಮಾಡ್ರಿ, ಅವರ ಮನೆಯಲ್ಲಿ ಏನಾಗಿದೆ ಗೊತ್ತಾ?" ಅಂತ ಶುರುವಾಗುವ ಮಾತು ಪ್ರಾರ್ಥನೆಗೆ ತಲುಪುವಷ್ಟರಲ್ಲಿ ಆ ಮನೆಯ ಮಾನ ಹೋಗಿರುತ್ತದೆ. ಇದಕ್ಕೆ ಒಂದು ನೇಮ ಇಟ್ಟುಕೊಳ್ಳಿ: ಯಾರ ವಿಷಯವೋ ಅವರ ಒಪ್ಪಿಗೆ ಇಲ್ಲದೆ ಕೂಟದಲ್ಲಿ ಬಿಚ್ಚಬೇಡಿ. ಹೆಸರು ಹೇಳದೆಯೂ ಪ್ರಾರ್ಥಿಸಬಹುದು, ದೇವರಿಗೆ ವಿಳಾಸ ಗೊತ್ತಿದೆ. ವಾಟ್ಸಾಪಿನಲ್ಲಿ ಬಂದದ್ದನ್ನು ನಿಜವೋ ಸುಳ್ಳೋ ನೋಡದೆ ಮುಂದೆ ಕಳಿಸುವುದಕ್ಕೂ ಇದೇ ನೇಮ. ಇನ್ನೊಂದು ಧರ್ಮದವರ ಮೇಲೆ ಕಿಡಿ ಹಚ್ಚುವ ವಿಡಿಯೋ ಬಂದರಂತೂ ಅಲ್ಲೇ ನಿಲ್ಲಿಸಿಬಿಡಿ. 14ನೇ ವಚನ ಸಮಾಧಾನವನ್ನು ಹುಡುಕು, ಅದರ ಬೆನ್ನು ಹತ್ತು ಅನ್ನುತ್ತದೆ.

ತಕ್ಕಡಿ, ಕೂಲಿ, ಬಡ್ಡಿ

ನನ್ನನ್ನು ಕೇಳಿದರೆ ದೇವರ ಭಯ ಇದೆಯೋ ಇಲ್ಲವೋ ಅಂತ ತಿಳಿಯುವ ಜಾಗ ಇದೇ. ಯಾಜಕಕಾಂಡದ 19 ಮತ್ತು 25ನೇ ಅಧ್ಯಾಯಗಳನ್ನು ಪೆನ್ನು ಹಿಡಿದು ಓದಿ. 'ನಿನ್ನ ದೇವರಿಗೆ ಭಯಪಡು' ಅನ್ನುವ ಮಾತು ಎಲ್ಲೆಲ್ಲಿ ಬರುತ್ತದೋ ಅಲ್ಲಿ ಗೆರೆ ಎಳೆಯಿರಿ. ಕಿವುಡನನ್ನು ಶಪಿಸಬೇಡ, ಕುರುಡನ ದಾರಿಯಲ್ಲಿ ಎಡವುವಂಥದ್ದನ್ನು ಇಡಬೇಡ, ದೇವರಿಗೆ ಭಯಪಡು. ಮುದುಕರ ಮುಂದೆ ಎದ್ದು ನಿಲ್ಲು, ದೇವರಿಗೆ ಭಯಪಡು. ಬಡತನಕ್ಕೆ ಬಿದ್ದವನಿಂದ ಬಡ್ಡಿ ತಗೊಳ್ಳಬೇಡ, ದೇವರಿಗೆ ಭಯಪಡು. ಆಳಿನ ಮೇಲೆ ಕ್ರೂರವಾಗಿ ದಬ್ಬಾಳಿಕೆ ಮಾಡಬೇಡ, ದೇವರಿಗೆ ಭಯಪಡು.

ಕಿವುಡನಿಗೆ ಶಾಪ ಕೇಳಿಸುವುದಿಲ್ಲ. ಕಲ್ಲು ಇಟ್ಟವನು ಯಾರು ಅಂತ ಕುರುಡನಿಗೆ ಕಾಣುವುದಿಲ್ಲ. ಕೇಳಿದವನು, ನೋಡಿದವನು ದೇವರೊಬ್ಬನೇ. ತಿರುಗಿ ಕೇಳಲು ಆಗದವರ ಎದುರಿಗೆ ನಾವು ಹೇಗಿರುತ್ತೇವೆ ಅನ್ನುವುದರ ಜೊತೆಗೇ ದೇವರು ತನ್ನ ಭಯವನ್ನು ಕಟ್ಟಿಟ್ಟಿದ್ದಾನೆ.

ನಮ್ಮ ಹೊಲಕ್ಕೆ ಬನ್ನಿ. ಹತ್ತಿ ಬಿಡಿಸುವ ಕಾಲ. ರಾಯಚೂರು ಸೀಮೆಯಲ್ಲಿ ಹೆಂಗಸರಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಸಂಜೆ ಹೊಲದ ಬದುವಿನಲ್ಲಿ ಬೇವಿನ ಕೊಂಬೆಗೆ ಸ್ಪ್ರಿಂಗ್ ತಕ್ಕಡಿ ತೂಗುಹಾಕುತ್ತಾರೆ. ಹಳೇ ಸೀರೆಯಲ್ಲಿ ಕಟ್ಟಿದ ಹತ್ತಿ ಗಂಟನ್ನು ಇಬ್ಬರು ಎತ್ತಿ ಕೊಕ್ಕೆಗೆ ಸಿಗಿಸುತ್ತಾರೆ. ಮುಳ್ಳು ಮೇಲೆ ಕೆಳಗೆ ಅಲುಗುತ್ತಿರುತ್ತದೆ. ಅದು ನಿಲ್ಲುವ ಮೊದಲೇ ಹೊಲದವರು "ಹದಿನೆಂಟು" ಅಂತ ಕೂಗಿ ಪುಸ್ತಕದಲ್ಲಿ ಬರೆದುಬಿಟ್ಟರೆ, ಓದಲು ಬಾರದ ಆ ಅವ್ವ ಏನು ಮಾಡಿಯಾಳು? "ಆತು ಬಿಡ್ರಿ" ಅಂತ ಗಂಟು ಬಿಚ್ಚುತ್ತಾಳೆ. ಅರ್ಧ ಕಿಲೋ ಒಂದು ಕಿಲೋ ಹೋಯಿತು ಅಂತ ಅವಳಿಗೆ ಗೊತ್ತಿಲ್ಲದೆ ಇಲ್ಲ. ನಾಳೆ ಕೆಲಸಕ್ಕೆ ಕರೆಯುವುದಿಲ್ಲ ಅನ್ನುವ ಭಯ ಅವಳಿಗಿದೆ.

ಹೊಲ ಇರುವ ವಿಶ್ವಾಸಿಗಳು ಇಲ್ಲಿ ಏನು ಮಾಡಬಹುದು ಅಂದರೆ, ಮುಳ್ಳು ನಿಲ್ಲುವವರೆಗೆ ಕಾಯಿರಿ. ಅವಳನ್ನೇ ಹತ್ತಿರ ಕರೆದು ತೋರಿಸಿ, ತೂಕವನ್ನು ಗಟ್ಟಿಯಾಗಿ ಹೇಳಿ. ಅವರ ಕಡೆಯ ಓದು ಬಲ್ಲ ಹುಡುಗಿ ಇದ್ದರೆ ಇನ್ನೊಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಕೂಲಿ ಅವತ್ತೇ ಕೊಡಿ. ಕೂಲಿಯವನ ಕೂಲಿ ರಾತ್ರಿ ಕಳೆದು ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು ಅಂತ ಯಾಜಕಕಾಂಡ 19:13 ಹೇಳುತ್ತದೆ. "ಸಂತೆ ದಿನ ಕೊಡ್ತೀನಿ" ಅನ್ನುವ ನಮ್ಮ ರೂಢಿಗೆ ಅಲ್ಲಿ ಜಾಗ ಇಲ್ಲ. ಗಂಗಾವತಿ, ಸಿಂಧನೂರು, ಕಾರಟಗಿ ಕಡೆ ಭತ್ತದ ವ್ಯವಹಾರ ಮಾಡುವವರಿಗೂ ಇದೇ ಮಾತು. 75 ಕಿಲೋ ಚೀಲದ ಲೆಕ್ಕದಲ್ಲಿ ತೇವಾಂಶ, ಜೊಳ್ಳು ಅಂತ ಎಷ್ಟು ಕಡಿಯುತ್ತೀರೋ ಅದನ್ನು ರೈತನ ಮುಂದೆಯೇ ಹೇಳಿ, ಚೀಟಿಯಲ್ಲಿ ಬರೆದುಕೊಡಿ. ಕೊಳ್ಳುವುದಕ್ಕೆ ಒಂದು ತೂಕದ ಕಲ್ಲು, ಮಾರುವುದಕ್ಕೆ ಇನ್ನೊಂದು ಇಟ್ಟುಕೊಳ್ಳಬೇಡ ಅಂತ ಧರ್ಮೋಪದೇಶಕಾಂಡ 25 ಹೇಳುತ್ತದಲ್ಲ, ಅದಕ್ಕೆ ಕಾಂಟಾದ ಕಂಪ್ಯೂಟರ್ ಕೂಡ ಸೇರಿತು.

ಬಡ್ಡಿಯ ವಿಷಯ ಹೇಳಲು ನೆಹೆಮೀಯನ 5ನೇ ಅಧ್ಯಾಯ ಬೇಕು. ಯೆರೂಸಲೇಮಿನ ಗೋಡೆ ಏಳುತ್ತಿದ್ದ ಕಾಲ. ಜನ ಕಾಳಿಗಾಗಿ ಹೊಲ, ದ್ರಾಕ್ಷಿತೋಟ, ಮನೆ ಅಡವಿಟ್ಟಿದ್ದರು. ತೆರಿಗೆ ಕಟ್ಟಲು ಸಾಲ ಮಾಡಿದ್ದರು. ಮಕ್ಕಳನ್ನು ಆಳಾಗಿ ಬಿಟ್ಟಿದ್ದರು. ಸಾಲ ಕೊಟ್ಟವರು ಹೊರಗಿನವರಲ್ಲ, ಸ್ವಂತ ಜನ, ಒಂದೇ ದೇವರನ್ನು ಆರಾಧಿಸುವವರು. ಅಲ್ಲಿಗೆ ಅಧಿಕಾರಿಯಾಗಿದ್ದ ನೆಹೆಮೀಯ ಸಿಟ್ಟಿಗೆದ್ದ, ಸಭೆ ಸೇರಿಸಿದ, ಹೊಲ ಮನೆ ಇವತ್ತೇ ವಾಪಸ್ ಕೊಡಿ ಅಂದ. ಅವರು ಕೊಟ್ಟರು. ತನ್ನ ಬಗ್ಗೆಯೂ ಹೇಳಿಕೊಂಡಿದ್ದಾನೆ: ಹಿಂದಿನ ಅಧಿಕಾರಿಗಳು ಜನರಿಂದ ಊಟ, ದ್ರಾಕ್ಷಾರಸದ ಜೊತೆ 40 ಶೆಕೆಲ್ ಬೆಳ್ಳಿ ಕೂಡ ವಸೂಲಿ ಮಾಡುತ್ತಿದ್ದರು, ದೇವರ ಭಯದಿಂದ ನಾನು ಹಾಗೆ ಮಾಡಲಿಲ್ಲ. ತಗೊಳ್ಳುವ ಹಕ್ಕಿತ್ತು, ತಗೊಳ್ಳಲಿಲ್ಲ. ಸಭೆಯ ಅಣ್ಣತಮ್ಮಂದಿರಿಗೆ ಕೈಗಡ ಕೊಟ್ಟು ಬಡ್ಡಿ ಎಣಿಸುವವರು ಈ ಅಧ್ಯಾಯವನ್ನು ಒಬ್ಬರೇ ಕೂತು ಓದಬೇಕು. ಆಸ್ಪತ್ರೆಗೆ, ಬೀಜ ಗೊಬ್ಬರಕ್ಕೆ ಅಂತ ಬಂದವರಿಗೆ ಅಸಲು ಮಾತ್ರ ಬರಲಿ ಅಂತ ತೀರ್ಮಾನ ಮಾಡಿ. ಕೀರ್ತನೆ 112ರಲ್ಲಿ ಕೆಟ್ಟ ಸುದ್ದಿಗೆ ಹೆದರದ ಮನುಷ್ಯನ ಬಗ್ಗೆ ಎರಡೇ ವಚನ ಮೊದಲು ಏನು ಹೇಳಿದೆ ಗೊತ್ತಾ? ಅವನು ದಯೆ ತೋರಿಸಿ ಸಾಲ ಕೊಡುವವನು.

ದಿನವೂ ಓದಿ, ಗಟ್ಟಿಯಾಗಿ ಓದಿ

ಇಸ್ರಾಯೇಲಿನ ಅರಸ ಸಿಂಹಾಸನಕ್ಕೆ ಬಂದಾಗ ಧರ್ಮಶಾಸ್ತ್ರದ ಪ್ರತಿ ಮಾಡಿಸಿಕೊಂಡು ಬದುಕಿರುವಷ್ಟು ದಿನ ಓದಬೇಕಿತ್ತು. ಯಾಕೆ? ದೇವರಿಗೆ ಭಯಪಡುವುದನ್ನು ಕಲಿಯಲಿ ಅಂತ. ಧರ್ಮೋಪದೇಶಕಾಂಡ 17ರಲ್ಲಿ ಇದೆ. 31ನೇ ಅಧ್ಯಾಯದಲ್ಲಿ ಏಳು ವರ್ಷಕ್ಕೊಮ್ಮೆ ಗಂಡಸರು, ಹೆಂಗಸರು, ಮಕ್ಕಳು, ಊರಲ್ಲಿರುವ ಪರದೇಶಿಗಳು ಎಲ್ಲರನ್ನೂ ಕೂಡಿಸಿ ಓದಿ ಕೇಳಿಸಬೇಕು ಅಂತಿದೆ. ಓದು ಬಂದವರಿಗೆ ಮಾತ್ರ ಅಂತ ಯಾರೂ ಹೇಳಲಿಲ್ಲ.

ನಮ್ಮ ಸೀಮೆಗೆ ಇದರಲ್ಲಿ ಒಂದು ಪಾಲಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಕನ್ನಡ ಕಲಿತು ಸತ್ಯವೇದದ ಅನುವಾದಕ್ಕೆ ಕೈಹಾಕಿದರು. ಪೂರ್ತಿ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಬರುವ ಹೊತ್ತಿಗೆ 1831 ಆಗಿತ್ತು. ಎರಡು ದಶಕ ಬೇಕಾಯಿತು. ಇವತ್ತು ಅದು ಎಲ್ಲರ ಫೋನಿನಲ್ಲಿ ಇದೆ.

ಶುರು ಮಾಡುವವರಿಗೆ ಸುಲಭದ ದಾರಿ: ಜ್ಞಾನೋಕ್ತಿಯಲ್ಲಿ 31 ಅಧ್ಯಾಯ ಇವೆ. ತಾರೀಖು ನೋಡಿ ಆ ಅಧ್ಯಾಯ ಓದಿ. ಐದನೇ ತಾರೀಖು ಐದನೇ ಅಧ್ಯಾಯ. ಒಂದು ದಿನ ತಪ್ಪಿದರೆ ಹಿಂದಕ್ಕೆ ಹೋಗಬೇಡಿ, ಆ ದಿನದ್ದೇ ಓದಿ. ಮನೆಯಲ್ಲಿ ಓದಲು ಬಾರದ ಅಜ್ಜಿ ಇದ್ದರೆ ಗಟ್ಟಿಯಾಗಿ ಓದಿ, ಇಲ್ಲವೇ ಫೋನಿನಲ್ಲಿ ಆಡಿಯೋ ಹಚ್ಚಿ ಪಕ್ಕದಲ್ಲಿಡಿ. ಬಹಳ ಸಲ ಅಜ್ಜಿಯೇ ಮೊದಲು ಅರ್ಥ ಮಾಡಿಕೊಳ್ಳುತ್ತಾಳೆ.

ಮಕ್ಕಳನ್ನು ಹೆದರಿಸಬೇಡಿ

"ಸುಳ್ಳು ಹೇಳಿದರೆ ದೇವರು ಕಣ್ಣು ಕೀಳ್ತಾನೆ" ಅನ್ನುವ ಮಾತನ್ನು ಇವತ್ತೇ ಬಿಟ್ಟುಬಿಡಿ. ತಂದೆ ಮಕ್ಕಳನ್ನು ಕನಿಕರಿಸುವ ಹಾಗೆ ತನಗೆ ಭಯಪಡುವವರನ್ನು ದೇವರು ಕನಿಕರಿಸುತ್ತಾನೆ ಅಂತ ಕೀರ್ತನೆ 103:13 ಹೇಳುವಾಗ, ನಾವು ಮಕ್ಕಳಿಗೆ ಬೇರೆ ದೇವರನ್ನು ತೋರಿಸುವುದು ಯಾಕೆ? ಮಕ್ಕಳು ದೇವರ ಭಯ ಕಲಿಯುವುದು ಅಪ್ಪ ಅಮ್ಮ ಯಾರಿಗೆ ತಲೆಬಾಗುತ್ತಾರೆ ಅನ್ನುವುದನ್ನು ನೋಡಿ. ಅಂಗಡಿಯವ ಜಾಸ್ತಿ ಚಿಲ್ಲರೆ ಕೊಟ್ಟಾಗ ವಾಪಸ್ ಕೊಡಲು ಮಗುವನ್ನೇ ಕಳಿಸಿ. ಅದೊಂದು ಪಾಠ ಸಾಕಷ್ಟು ದೂರ ಹೋಗುತ್ತದೆ. ಜ್ಞಾನೋಕ್ತಿ 14:26ರಲ್ಲಿ ಯೆಹೋವನ ಭಯ ಇರುವವನ ಮಕ್ಕಳಿಗೆ ಆಶ್ರಯ ಇರುತ್ತದೆ ಅಂತಿದೆ. ಹೆದರಿ ಅಡಗಿಕೊಳ್ಳುವ ಜಾಗವಲ್ಲ ಅದು, ಓಡಿ ಬಂದು ಸೇರುವ ಜಾಗ.

ಮದುವೆ ಮನೆಗಳಲ್ಲಿ ಕೀರ್ತನೆ 128 ಓದುತ್ತೇವೆ. ಹೆಂಡತಿ ಫಲ ತುಂಬಿದ ದ್ರಾಕ್ಷಿಬಳ್ಳಿ, ಮಕ್ಕಳು ಊಟಕ್ಕೆ ಕೂತಾಗ ಸುತ್ತಲೂ ಎಣ್ಣೆಮರದ ಸಸಿಗಳು. ಆದರೆ ಅದಕ್ಕೂ ಮೊದಲ ಆಶೀರ್ವಾದವನ್ನು ನಾವು ಓದಿ ದಾಟಿಬಿಡುತ್ತೇವೆ: ನಿನ್ನ ಕೈ ದುಡಿದದ್ದನ್ನು ನೀನೇ ಉಣ್ಣುವೆ. ಬೆಳೆದ ಹತ್ತಿ ಬಡ್ಡಿಗೆ, ಭತ್ತ ದಲಾಲಿಗೆ, ಮಗನ ಪಗಾರ ಕಂತಿಗೆ ಹೋಗುವ ಮನೆಯಲ್ಲಿ ಈ ಮಾತಿಗೆ ಎಷ್ಟು ತೂಕ! ಮೊಮ್ಮಕ್ಕಳನ್ನು ನೋಡುವೆ ಅನ್ನುವ ಮಾತೂ ಆ ಕೀರ್ತನೆಯಲ್ಲಿದೆ. ಮಗ ಸೊಸೆ ಬೆಂಗಳೂರಿಗೆ ಗುಳೆ ಹೋಗಿ, ಮೊಮ್ಮಕ್ಕಳನ್ನು ವಿಡಿಯೋ ಕಾಲಿನಲ್ಲಿ ನೋಡುವ ಅಜ್ಜ ಅಜ್ಜಿಯರಿಗೆ ಇದನ್ನು ಕೇಳಿದರೆ ಕಣ್ಣು ತುಂಬುತ್ತದೆ. ದೇವರಿಗೆ ಭಯಪಡುವ ಸಭೆ ಈ ಕೀರ್ತನೆಯನ್ನು ಹಾಡಿ ಸುಮ್ಮನಾಗಬಾರದು. ಒಬ್ಬರ ದುಡಿಮೆ ಅವರದೇ ಬಾಯಿಗೆ ಸೇರುವ ಹಾಗೆ ಒಬ್ಬರಿಗೊಬ್ಬರು ನಿಲ್ಲಬೇಕು.

ಭಯಪಟ್ಟು ನಡೆದರೂ ಕಷ್ಟ ಬಂದಾಗ

ಕೀರ್ತನೆ 34ರಲ್ಲೇ 19ನೇ ವಚನ ಇದೆ: ನೀತಿವಂತನಿಗೆ ಬರುವ ಕಷ್ಟಗಳು ಅನೇಕ. ಅದೇ ಹಾಡಿನ 7ನೇ ವಚನದಲ್ಲಿ ದೇವದೂತನು ಭಯಪಡುವವರ ಸುತ್ತ ದಂಡಿಳಿಸಿ ಕಾಯುತ್ತಾನೆ ಅಂತಲೂ ಇದೆ. ಎರಡನ್ನೂ ಒಬ್ಬನೇ ಬರೆದ. ಯೇಸುವಿನ ಬಗ್ಗೆ ಯೆಶಾಯ 11:3 ಯೆಹೋವನ ಭಯವೇ ಅವನಿಗೆ ಆನಂದ ಅನ್ನುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆ 5:7 ಆತನ ಭಯಭಕ್ತಿಯ ಕಾರಣ ಆತನ ಮೊರೆ ಕೇಳಲಾಯಿತು ಅನ್ನುತ್ತದೆ, ಆತ ಕಣ್ಣೀರಿಟ್ಟು ಮೊರೆಯಿಟ್ಟ ಅಂತಲೂ ಹೇಳುತ್ತದೆ. ಹಾಗಾಗಿ ಕಷ್ಟದಲ್ಲಿರುವವರನ್ನು ನೋಡಿ "ಎಲ್ಲೋ ಭಯ ಕಡಿಮೆ ಆಗಿರಬೇಕು" ಅನ್ನುವವರ ಬಾಯಿ ಮುಚ್ಚಿಸಿ. ನೀತಿವಂತನಾಗಿದ್ದೂ ಕಷ್ಟಪಟ್ಟ ಯೋಬನ ಗೆಳೆಯರು ಅದನ್ನೇ ಹೇಳಿ ದೇವರಿಂದ ಬೈಸಿಕೊಂಡರು.

2 ಅರಸುಗಳು 4ರಲ್ಲಿ ಒಬ್ಬ ವಿಧವೆ ಪ್ರವಾದಿ ಎಲೀಷನ ಹತ್ತಿರ ಬರುತ್ತಾಳೆ. ನನ್ನ ಗಂಡ ಯೆಹೋವನಿಗೆ ಭಯಪಡುವವನಾಗಿದ್ದ, ನಿಮಗೆ ಗೊತ್ತಿದೆ, ಅವನು ಸತ್ತ, ಸಾಲ ಕೊಟ್ಟವನು ಬಂದು ನನ್ನ ಇಬ್ಬರು ಮಕ್ಕಳನ್ನು ಆಳಾಗಿ ಒಯ್ಯಬೇಕು ಅಂತಿದ್ದಾನೆ ಅನ್ನುತ್ತಾಳೆ. ಭಯಪಟ್ಟವನ ಮನೆಗೇ ಸಾಲ ಬಂದಿತ್ತು. ಎಲೀಷ ಬೈಯಲಿಲ್ಲ, ಮನೆಯಲ್ಲಿ ಏನಿದೆ ಅಂತ ಕೇಳಿದ. ನೆರೆಹೊರೆಯವರಿಂದ ಖಾಲಿ ಪಾತ್ರೆ ತರಿಸಿದ. ಎಣ್ಣೆ ತುಂಬಿತು, ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿ ಅಂದ.

ಅದ್ಭುತ ಮಾಡುವುದು ದೇವರಿಗೆ ಬಿಟ್ಟದ್ದು. ಪಾತ್ರೆ ಕೊಟ್ಟ ನೆರೆಹೊರೆಯವರ ಕೆಲಸ ಸಭೆಯದ್ದು. ನಿಮ್ಮ ಸಭೆಯಲ್ಲಿ ಹೀಗೆ ಒಂದು ಮನೆಯ ಯಜಮಾನ ಸಾಲ ಬಿಟ್ಟು ತೀರಿಕೊಂಡರೆ, ಮಣ್ಣು ಮಾಡಿದ ವಾರದೊಳಗೆ ಲೆಕ್ಕ ಬಲ್ಲ ಇಬ್ಬರು ಆ ಮನೆಗೆ ಹೋಗಿ. ಯಾರಿಗೆ ಎಷ್ಟು ಕೊಡಬೇಕು, ಅಸಲೆಷ್ಟು, ಬಡ್ಡಿಯೆಷ್ಟು, ಎಷ್ಟು ಕಟ್ಟಿ ಆಗಿದೆ ಅಂತ ಬರೆಯಿರಿ. ಬಾಯಿಮಾತಿನ ಸಾಲಕ್ಕೆ ಕಾಗದ ತೋರಿಸಿ ಅಂತ ಕೇಳಿ. ಸಾವ್ಕಾರನ ಹತ್ತಿರ ಆ ತಾಯಿಯೊಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ. ಕಿರುಸಾಲದವರು ಬಾಗಿಲಲ್ಲಿ ಕೂತು ಕಿರುಕುಳ ಕೊಟ್ಟರೆ ಅದನ್ನು ತಡೆಯಲು ರಾಜ್ಯದಲ್ಲಿ 2025ರಲ್ಲಿ ಕಾನೂನೇ ಬಂದಿದೆ ಅಂತ ತಿಳಿಸಿ, ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ. ಹೊಲ ಇದ್ದರೆ ಪೌತಿ ಖಾತೆ ಮಾಡಿಸಿ, ಪಹಣಿಯಲ್ಲಿ ಅವರ ಹೆಸರು ಬರಲಿ. ಮರಣ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ ಹೊಂದಿಸಿಕೊಂಡು ನಾಡಕಚೇರಿಯಲ್ಲಿ ವಿಧವಾ ವೇತನಕ್ಕೆ ಅರ್ಜಿ ಹಾಕಿಸಿ. ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳಿ. ಅರ್ಜಿ ಕೊಟ್ಟ ದಿನಕ್ಕೆ ಕೆಲಸ ಮುಗಿಯುವುದಿಲ್ಲ, ಖಾತೆಗೆ ರೊಕ್ಕ ಬೀಳುವವರೆಗೂ ಅವರ ಜೊತೆ ಓಡಾಡಿ.